ಕುದುರೆ ಅಂದ್ರೆ ಬೈಕಲ್ಲ ಸ್ವಾಮಿ!

ಪಾತ್‌ಫೈಂಡರ್ ಮೊದಲ ಆವೃತ್ತಿ ಆಡುವಾಗ ಯಾರಾದ್ರೂ ಕ್ಯಾವಲಿಯರ್ ಆದ್ರೆ ಮುಗೀತು, ಕುದುರೆಗೆ ಸಿಗೋ ಫೀಟ್‌ಗಳೆಲ್ಲ ಒದೆಯೋಕೆ, ಕಚ್ಚೋಕೇ ಖರ್ಚು. ಯಾಕ್ರೀ? ಹೊಡೆಯೋಕೆ ಬೆನ್ನ ಮೇಲೆ ನೀವಿಲ್ವಾ?

ಲೆಕ್ಕ ಸರಳ. ಭರ್ಜಿ ಹಿಡಿದು ನುಗ್ಗಿದರೆ ಸ್ಪಿರಿಟೆಡ್ ಚಾರ್ಜ್ ನಿಮ್ಮ ಏಟನ್ನು 3 ಪಟ್ಟು ಮಾಡುತ್ತೆ. ಕುದುರೆ ಸತ್ತ ಕ್ಷಣ ಆ ಫೀಟು, ಅದಕ್ಕೋಸ್ಕರ ತಗೊಂಡ ರೈಡ್-ಬೈ ಅಟ್ಯಾಕ್, ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಮೌಂಟೆಡ್ ಕಾಂಬ್ಯಾಟ್ ಇದೆಯಲ್ಲ ಅಂತೀರಾ? ಅದು ಸುತ್ತಿಗೆ ಒಂದು ಏಟನ್ನಷ್ಟೇ ತಪ್ಪಿಸೀತು. ಫೈರ್‌ಬಾಲ್‌ಗೆ ಏನು ಮಾಡ್ತೀರಿ?

ಮೊದಲು ಟಫ್‌ನೆಸ್ ಕೊಡಿ. ಆಮೇಲೆ ಐರನ್ ವಿಲ್: ಪ್ರಾಣಿಯ ವಿಲ್ ಸೇವ್ ದುರ್ಬಲ, ಒಂದು ಭಯದ ಮಂತ್ರ ಬಿದ್ದರೆ ನಿಮ್ಮನ್ನೂ ಹೊತ್ತುಕೊಂಡೇ ಓಡುತ್ತೆ. 4ನೇ ಲೆವೆಲ್‌ನಲ್ಲಿ ಸಿಗೋ ಅಂಕವನ್ನು ಬುದ್ಧಿಗೆ ಹಾಕಿ. 2 ಇದ್ದದ್ದು 3 ಆದರೆ, ಪ್ರಾಣಿಗಳ ಪಟ್ಟಿ ದಾಟಿ ಅದರ ದೇಹಕ್ಕೆ ಒಗ್ಗುವ ಯಾವ ಫೀಟನ್ನಾದರೂ ಆರಿಸಬಹುದು. ಲೈಟ್ ಆರ್ಮರ್ ತೊಡುವ ಫೀಟ್ ಕ್ಯಾವಲಿಯರ್ ಕುದುರೆಗೆ ಬಿಟ್ಟಿ. ಆದರೂ ಅದಕ್ಕೊಂದು ಕವಚ ಕೊಳ್ಳೋಕೆ ನಮ್ಮವರಿಗೆ ಜಿಪುಣತನ!

ಕುದುರೆ ಕಂಡರೆ ಕಾಲುನೋವು ಅಂತಾರೆ. ಅದು ಸತ್ತ ಮೇಲೆ ಮೈತುಂಬ ಉಕ್ಕು ಹೊತ್ತು ನಡೀರಿ, ನಿಜವಾದ ಕಾಲುನೋವು ಏನಂತ ಗೊತ್ತಾಗುತ್ತೆ.