ಆವ್ರೋ ಅಂದರೆ ಯಾರು?

ವಾಯುಪಡೆಗೆ 56 ಸಿ-295 ಸಾರಿಗೆ ವಿಮಾನ ಕೊಳ್ಳುವ ಒಪ್ಪಂದಕ್ಕೆ 2021ರ ಸೆಪ್ಟೆಂಬರಿನಲ್ಲಿ ಸಹಿ ಬಿತ್ತು. ಹಳೆಯ ಆವ್ರೋಗಳ ಜಾಗಕ್ಕೆ ಇವು ಬರುತ್ತವೆ ಎಂದು ಸರಕಾರವೂ ಹೇಳಿತು, ಪತ್ರಿಕೆಗಳೂ ಬರೆದವು. ಆದರೆ ಆವ್ರೋ ಎಂಬ ಹೆಸರನ್ನು ಅದರ ಒಡೆಯರು ಇಂಗ್ಲೆಂಡಿನಲ್ಲಿ 1963ರಲ್ಲೇ ಕೈಬಿಟ್ಟಿದ್ದರು. ವಿಮಾನದ ವಿಷಯ ಬಲ್ಲ ಗೆಳೆಯರೊಬ್ಬರಾದರೂ ಎಲ್ಲರಿಗೂ ಇರುತ್ತಾರೆ. ಅವರು ಇಂಥಲ್ಲಿ ತಡೆದು, ‘ಅದು ಆವ್ರೋ ಅಲ್ಲ, ಹಾಕರ್ ಸಿಡ್ಲಿ 748’ ಎಂದು ತಿದ್ದುತ್ತಾರೆ. ಈ ತಿದ್ದುಪಡಿ ಬೇಡ ಎನ್ನುವುದು ನನ್ನ ವಾದ.

ಮೊದಲು ಹೆಸರಿನ ಹುಟ್ಟು ನೋಡೋಣ. ಅಲಿಯಟ್ ವರ್ಡನ್ ರೋ ಎಂಬ ಇಂಗ್ಲಿಷ್ ಎಂಜಿನಿಯರನ ಎರಡು ಇನಿಷಿಯಲ್ಲುಗಳಾದ ಎ, ವಿ. ಅದಕ್ಕೆ ಮನೆತನದ ಹೆಸರಿನ ‘ರೋ’ ಸೇರಿಸಿದರೆ ಆವ್ರೋ. ಕುವೆಂಪು, ಪುತಿನ, ತೀನಂಶ್ರೀ ಎಂದೆಲ್ಲ ಕರೆದು ಅಭ್ಯಾಸವಾದ ನಮಗೆ ಇದು ಹೊಸ ಕಸುಬೇನಲ್ಲ. ಮೊದಲ ಸಲ ಕೇಳುವ ಕನ್ನಡ ಕಿವಿಗೆ ಮಾತ್ರ ‘ಯಾರು, ಅವ್ರೋ?’ ಎಂದು ಯಾರನ್ನೋ ವಿಚಾರಿಸಿದ ಹಾಗಿರುತ್ತದೆ.

ಲಂಡನ್ನಿನ ಹೊರವಲಯದ ವಾಲ್ಥಮ್‌ಸ್ಟೋ ಎಂಬಲ್ಲಿನ ಜೌಗು ಬಯಲಿನಲ್ಲಿ 1909ರ ಜುಲೈನಲ್ಲಿ ರೋ ತನ್ನ ಮೂರು ರೆಕ್ಕೆಯಂತಸ್ತಿನ ವಿಮಾನ ಹಾರಿಸಿದ. ಎಂಜಿನ್ನಿನ ಶಕ್ತಿ 9 ಅಶ್ವಶಕ್ತಿ, ಇವತ್ತಿನ ಒಂದು ಸಾಧಾರಣ ಬೈಕಿನಷ್ಟು. ದುಡ್ಡು ಹಾಕಿದವನು ಪ್ಯಾಂಟಿನ ಪಟ್ಟಿ ತಯಾರಿಸುತ್ತಿದ್ದ ತಮ್ಮ ಹಂಫ್ರಿ. ಆ ಪಟ್ಟಿಯ ಬ್ರ್ಯಾಂಡು ‘ಬುಲ್ಸ್ ಐ’. ಅದನ್ನೇ ವಿಮಾನದ ಮೇಲೂ ಬರೆಸಿದರು. ಮರುವರ್ಷ ಮ್ಯಾಂಚೆಸ್ಟರಿನಲ್ಲಿ ಕಂಪನಿ ಶುರುವಾಯಿತು. ಇವರ ‘504’ ಮಾದರಿ ಎಂಟು ಸಾವಿರಕ್ಕೂ ಹೆಚ್ಚು ತಯಾರಾಗಿ ಒಂದು ಇಡೀ ತಲೆಮಾರಿಗೆ ಹಾರಾಟ ಕಲಿಸಿತು.

ಕಥೆಯ ತಿರುವು ಇರುವುದು 1928ರಲ್ಲಿ. ಆ ವರ್ಷ ರೋ ಕಂಪನಿ ಬಿಟ್ಟು ಹೊರಬಂದ. ಹೆಸರನ್ನು ಜೊತೆಗೆ ಒಯ್ಯಲು ಆಗಲಿಲ್ಲ. ಹೊಸ ಕಡೆ ಅವನಿಗೆ ಸಿಕ್ಕದ್ದು ‘ಸಾಂಡರ್ಸ್-ರೋ’ ಎಂಬ ಜೋಡಿ ಹೆಸರಿನ ಅರ್ಧ ಪಾಲು. ಎರಡನೇ ಮಹಾಯುದ್ಧದ ಲ್ಯಾಂಕಾಸ್ಟರ್ ಬಾಂಬರ್ ಅವನ ಇನಿಷಿಯಲ್ಲು ಹೊತ್ತುಕೊಂಡೇ ಹಾರಿತು, ಅವನಿಗೂ ಅದಕ್ಕೂ ಸಂಬಂಧವಿರಲಿಲ್ಲ. ನಾವು ಆವ್ರೋ ಎನ್ನುವ 748 ಮೊದಲು ಹಾರಿದ್ದು 1960ರ ಜೂನಿನಲ್ಲಿ. ರೋ ತೀರಿಕೊಂಡದ್ದು 1958ರಲ್ಲಿ. ಹೀಗೆ ‘ನಿಜವಾದ ಆವ್ರೋ ಯಾವುದು’ ಎಂದು ಕೆದಕುತ್ತ ಹೋದರೆ ಲ್ಯಾಂಕಾಸ್ಟರನ್ನೂ ಬಿಟ್ಟುಕೊಡಬೇಕಾಗುತ್ತದೆ.

ಇನ್ನು ನಮ್ಮ ಆವ್ರೋ. ವಾಯುಪಡೆ ಇದನ್ನು ಕಾನ್ಪುರದಲ್ಲಿ ತಾನೇ ತಯಾರಿಸಲು ಹೊರಟಿತು. ಅಲ್ಲಿನ ಮೊದಲ ವಿಮಾನ 1961ರ ನವೆಂಬರ್ 1ರಂದು ಹಾರಿತು. ವಾಯುಪಡೆಯ ಮೊದಲ ಭಾರತೀಯ ಮುಖ್ಯಸ್ಥ ಸುಬ್ರೊತೊ ಮುಖರ್ಜಿ ಹಿಂದಿನ ವರ್ಷ ಟೋಕಿಯೋದಲ್ಲಿ ತೀರಿಕೊಂಡಿದ್ದರು. ಅವರ ನೆನಪಿಗೆ ಆ ಮೊದಲ ವಿಮಾನಕ್ಕೆ ‘ಸುಬ್ರೊತೊ’ ಎಂದು ಹೆಸರಿಟ್ಟರು. ಆದರೆ ಮುಂದೆ ಬಂದ ವಿಮಾನಗಳನ್ನು ಯಾರೂ ಸುಬ್ರೊತೊ ಎಂದು ಕರೆಯಲಿಲ್ಲ. ಮುಖರ್ಜಿಯವರ ಹೆಸರು ಇವತ್ತು ಜೀವಂತವಾಗಿರುವುದು ಶಾಲಾ ಮಕ್ಕಳ ಫುಟ್‌ಬಾಲಿನಲ್ಲಿ. ಸುಬ್ರೊತೊ ಕಪ್ ಆಡುವ ಹುಡುಗರಿಗೆ ಅದು ಯಾರ ಹೆಸರೆಂದು ಗೊತ್ತಿರದೆ ಇರಬಹುದು, ಆದರೂ ದಿನಾ ಬಾಯಲ್ಲಿರುತ್ತದೆ. ಮುಂಬಯಿಯ ಓದುಗರಿಗೆ ವಿ.ಟಿ. ಬಗ್ಗೆ, ಚೆನ್ನೈನವರಿಗೆ ಮೌಂಟ್ ರೋಡ್ ಬಗ್ಗೆ ನಾನು ಹೇಳಬೇಕಾದ್ದೇನಿಲ್ಲ.

ಆವ್ರೋ ಉಳಿದದ್ದಕ್ಕೆ ಕಾರಣ ಸರಳ. ಎರಡೇ ಅಕ್ಷರ, ಯಾವ ಭಾಷೆಯ ನಾಲಿಗೆಗೂ ಕಷ್ಟವಿಲ್ಲ, ತನ್ನದೇ ಅರ್ಥದ ಭಾರವೂ ಇಲ್ಲ. ಬೆಂಗಳೂರಿನ ಎಚ್‌ಎಎಲ್ ನೋಡಿ. 1940ರಲ್ಲಿ ಅದು ಹಿಂದೂಸ್ತಾನ್ ಏರ್‌ಕ್ರಾಫ್ಟ್. 1964ರಿಂದ ಹಿಂದೂಸ್ತಾನ್ ಏರೋನಾಟಿಕ್ಸ್. ನಡುವಿನ ‘ಎ’ ಬದಲಾಗಿದ್ದು ಊರಿನಲ್ಲಿ ಎಷ್ಟು ಜನಕ್ಕೆ ಗೊತ್ತಾಯಿತೋ ಏನೋ. ಬ್ರಿಟನ್ನಿನವರಂತೂ 1993ರಲ್ಲಿ ತಮ್ಮ 146 ಜೆಟ್ಟಿನ ಹೊಸ ರೂಪಕ್ಕೆ ಸತ್ತ ಹೆಸರನ್ನೇ ಎಬ್ಬಿಸಿ ‘ಆವ್ರೋ ಆರ್‌ಜೆ’ ಎಂದರು. 2001ರಲ್ಲಿ ಆ ವಿಮಾನದ ತಯಾರಿಕೆಯನ್ನೇ ನಿಲ್ಲಿಸಲು ತೀರ್ಮಾನಿಸಿದರು. ಮಾರುವವರು ಎಬ್ಬಿಸಿದ ಹೆಸರಿಗಿಂತ ಬಳಸುವವರು ಬಿಡದ ಹೆಸರು ಹೆಚ್ಚು ಕಾಲ ಬಾಳಿತು. ಬಂಗಾಳಿ ಟೈಪಿಸುವವರಿಗೆ ‘ಅಭ್ರ’ ಎಂಬ ತಂತ್ರಾಂಶ ಗೊತ್ತು. ರೋಮನ್ ಲಿಪಿಯಲ್ಲಿ ಅದರ ಕಾಗುಣಿತ ಥೇಟ್ ಈ ವಿಮಾನದ್ದೇ. ಅಭ್ರ ಎಂದರೆ ಸಂಸ್ಕೃತದಲ್ಲಿ ಮೋಡ. ಸಂಬಂಧ ಏನೇನೂ ಇಲ್ಲ, ಆದರೂ ಹೇಳದೆ ಇರಲಾಗಲಿಲ್ಲ.

ನನ್ನ ವಾದಕ್ಕೆ ಒಂದು ಗಟ್ಟಿ ಆಕ್ಷೇಪ ಇದೆ, ಅದು ತಾಂತ್ರಿಕವಾದದ್ದಲ್ಲ. ಕಾನ್ಪುರದಲ್ಲಿ 89 ವಿಮಾನ ತಯಾರಾದವು: 72 ವಾಯುಪಡೆಗೆ, 17 ಇಂಡಿಯನ್ ಏರ್‌ಲೈನ್ಸಿಗೆ. ಮಂಗಳೂರಿನ ಬಜಪೆಯಲ್ಲಿ 1981ರಲ್ಲಿ ರನ್‌ವೇ ದಾಟಿ ನಿಂತ ವಿಮಾನವೂ ಇದೇ ಜಾತಿಯದು. ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಆವ್ರೋ ಎಂದ ಕೂಡಲೇ ಇವೆಲ್ಲ ಇಂಗ್ಲೆಂಡಿನಿಂದ ಇಳಿದುಬಂದವು ಎಂಬ ಭಾವನೆ ಮೂಡುತ್ತದೆ. ರಿವೆಟ್ ಹೊಡೆದ ಕಾನ್ಪುರದ ಕೈಗಳು ಮರೆಯಾಗುತ್ತವೆ. ಇದು ನಿಜವಾದ ನಷ್ಟ. ಆದರೆ ‘ಹಾಕರ್ ಸಿಡ್ಲಿ’ ಎಂದು ತಿದ್ದಿದರೆ ಆ ನಷ್ಟ ತುಂಬುವುದಿಲ್ಲ. ಒಬ್ಬ ಇಂಗ್ಲಿಷ್ ಒಡೆಯನ ಬದಲು ಇನ್ನೊಬ್ಬನ ಹೆಸರು ಬರುತ್ತದೆ, ಅಷ್ಟೆ.

ಈಗ ಸಿ-295ಗಳು ಬರುತ್ತಿವೆ, ಹಳೆಯವು ಒಂದೊಂದಾಗಿ ನಿವೃತ್ತಿಯಾಗುತ್ತವೆ. ಕೆಲವು ಯಾವುದಾದರೂ ಸಂಗ್ರಹಾಲಯದ ಅಂಗಳದಲ್ಲೋ ಸರ್ಕಲಿನ ಕಂಬದ ಮೇಲೋ ನಿಲ್ಲುತ್ತವೆ. ಮುಂದೆ ಒಂದು ಹಲಗೆ ಹಾಕುತ್ತಾರೆ. ಅದರ ಮೇಲೆ ‘ಆವ್ರೋ’ ಎಂದೇ ಇರಲಿ, ಕೆಳಗೆ ಅಷ್ಟೇ ದೊಡ್ಡ ಅಕ್ಷರದಲ್ಲಿ ‘ಕಾನ್ಪುರ’ ಎಂದು ಬರೆಯಲಿ. ಹಾಕರ್ ಸಿಡ್ಲಿ 748 ಎಂಬುದನ್ನು ಎಂಜಿನ್ ವಿವರಗಳ ಸಾಲಿನಲ್ಲಿ, ಸಣ್ಣಕ್ಷರದಲ್ಲಿ ಹಾಕಿದರೆ ಸಾಕು.