ತೋರಿಸುವುದು ಬೇರೆ, ಕೊಡುವುದು ಬೇರೆ

ಬರೆಯುವ ಹೆಂಗಸಿಗೆ ನಮ್ಮ ಕಡೆ ಮೊದಲು ಹೇಳಿಕೊಡುವ ಪಾಠ ತಾಳ್ಮೆಯದು. ನಾಟಕ ಬರೆದಿರಾ? ಒಬ್ಬ ಮಾಲಕರಿಗೆ ಕೊಡಿ, ಕೊಟ್ಟು ಸುಮ್ಮನಿರಿ. ಅವರು ಹೂಂ ಅಥವಾ ಊಹೂಂ ಅನ್ನುವ ತನಕ ಇನ್ನೊಂದು ಕಂಪನಿಯ ಕಡೆ ಮುಖ ಹಾಕಬೇಡಿ, ಅದು ಮರ್ಯಾದಸ್ಥರ ಲಕ್ಷಣವಲ್ಲ. ಈ ಮಾತನ್ನು ಆಳಂದದಲ್ಲಿ ಕೇಳಿದ್ದೇನೆ, ಅಫಜಲಪುರದಲ್ಲಿ ಕೇಳಿದ್ದೇನೆ, ಜೇವರ್ಗಿಯಲ್ಲಂತೂ ನನಗಿಂತ ಚಿಕ್ಕವಳಾದ ಒಬ್ಬ ಶಿಕ್ಷಕಿಯ ಬಾಯಿಂದಲೇ ಕೇಳಿದೆ. ಇದನ್ನು ಮರ್ಯಾದೆ ಎಂದು ಕರೆಯಲು ನಾನು ಸಿದ್ಧಳಿಲ್ಲ.

ಈ ಕಟ್ಟಳೆ ಗಾಳಿಯಲ್ಲಿ ಹುಟ್ಟಿದ್ದಲ್ಲ, ನಿಜ. ವೃತ್ತಿ ನಾಟಕ ಕಂಪನಿಗಳು ಊರೂರು ಕ್ಯಾಂಪ್ ಹಾಕಿ ಬದುಕುವಂಥವು. ಬಾದಾಮಿಯ ಬನಶಂಕರಿ ಜಾತ್ರೆಗೆ ಹೋದವರಿಗೆ ಗೊತ್ತು, ಬನದ ಹುಣ್ಣಿಮೆಯ ಹೊತ್ತಿಗೆ ಅಲ್ಲಿ ಹಲವು ಕಂಪನಿಗಳ ಥಿಯೇಟರುಗಳು ಅಕ್ಕಪಕ್ಕದಲ್ಲೇ ಎದ್ದು ನಿಲ್ಲುತ್ತವೆ. ಒಂದೇ ನಾಟಕವನ್ನು ಇಬ್ಬರು ಒಂದೇ ರಾತ್ರಿ ಆಡಿದರೆ ಇಬ್ಬರ ಗಲ್ಲಾಪೆಟ್ಟಿಗೆಗೂ ಪೆಟ್ಟು. ಪರದೆ ಬರೆಸಿ, ತಾಲೀಮು ನಡೆಸಿ, ಕಲಾವಿದರಿಗೆ ಮುಂಗಡ ಕೊಟ್ಟು ಕೂತ ಮಾಲಕರ ಸಂಕಟ ಸುಳ್ಳಲ್ಲ. ಆದರೆ ಆ ಸಂಕಟ ಆಡುವ ಹಕ್ಕಿಗೆ ಸಂಬಂಧಿಸಿದ್ದು. ಓದಲಿಕ್ಕೆ ಕೊಟ್ಟ ಹಸ್ತಪ್ರತಿಗೂ ಅದನ್ನೇ ಅಂಟಿಸುವುದು ಯಾವ ನ್ಯಾಯ?

ನನ್ನದೊಂದು ನಾಟಕ ಹೀಗೇ ಒಬ್ಬ ಮಾಲಕರ ಟ್ರಂಕಿನಲ್ಲಿ ಎರಡು ಜಾತ್ರೆ ಕಳೆಯಿತು. ಬೇರೆಯವರಿಗೂ ತೋರಿಸುತ್ತೇನೆ ಎಂದಾಗ, "ಅಲ್ಲ ತಂಗೀ, ಒಂದ ಹುಡುಗೀನ್ನ ಎರಡ ಮನಿಗಿ ಕೊಡ್ತಾರೇನು?" ಎಂದರು. ಸುತ್ತಲಿದ್ದವರು ನಕ್ಕರು. "ಕೊಡಂಗಿಲ್ಲಣ್ಣಾ, ಖರೆ. ಆದ್ರ ಹತ್ತು ಮನಿಯವರು ಬಂದು ನೋಡಿ ಹೋಗ್ತಾರಲ್ಲ?" ಎಂದೆ. ಆಗ ಯಾರೂ ನಗಲಿಲ್ಲ.

ನೀವೇ ಯೋಚಿಸಿ. ವರನ ಕಡೆಯವರು ಬೆಳಗ್ಗೆ ಆಳಂದದಲ್ಲಿ ಒಂದು ಕನ್ಯೆ, ಸಂಜೆ ಜೇವರ್ಗಿಯಲ್ಲಿ ಇನ್ನೊಂದು ಕನ್ಯೆ ನೋಡಿ, ಎರಡೂ ಕಡೆ ಉಪ್ಪಿಟ್ಟು ತಿಂದು, ‘ತಿಳಸ್ತೀವಿ’ ಎಂದು ಎದ್ದು ಹೋಗುತ್ತಾರೆ. ಅವರದು ವಿಚಾರ ಮಾಡುವ ಹಕ್ಕು. ಹೆಣ್ಣಿನ ಮನೆಯವರು ಮಾತ್ರ ಆ ‘ತಿಳಸ್ತೀವಿ’ಗಾಗಿ ಬಾಗಿಲು ಕಾಯಬೇಕು. ನಾಟಕದ ವ್ಯವಹಾರವೂ ಇದೇ ತಕ್ಕಡಿಯಲ್ಲಿ ತೂಗಿದ್ದು. ಮಾಲಕರ ಟ್ರಂಕಿನಲ್ಲಿ ಹತ್ತು ಜನರ ಹಸ್ತಪ್ರತಿ ಇದ್ದರೆ ಅದು ಧಂದೆ, ನಾವು ಇಬ್ಬರಿಗೆ ತೋರಿಸಿದರೆ ಚಂಚಲ ಬುದ್ಧಿ!

ಗಂಡಸು ಬರೆದಿದ್ದರೆ ಆಟ ಮುಗಿದ ಮೇಲೆ ಕ್ಯಾಂಪಿಗೆ ಹೋಗಿ, ಚಹಾ ಕುಡಿಯುತ್ತಾ ನೆನಪಿಸುತ್ತಾನೆ. ನಡುರಾತ್ರಿಯಲ್ಲಿ ನಾವು ಹೋಗುವುದೆಲ್ಲಿ? ತಮ್ಮನನ್ನೋ ಮಗನನ್ನೋ ಕಳಿಸಬೇಕು, ಅವರಿಗೆ ಬಿಡುವಾಗಬೇಕು. ಆರ್. ನಾಗರತ್ನಮ್ಮ 1958ರಲ್ಲಿ ಸ್ತ್ರೀ ನಾಟಕ ಮಂಡಳಿ ಕಟ್ಟಿ ಗಂಡು ಪಾತ್ರಗಳನ್ನೂ ಹೆಂಗಸರಿಂದಲೇ ಮಾಡಿಸಿದ ನಾಡಿದು. ಕಂಪನಿಯನ್ನೇ ನಡೆಸಬಲ್ಲ ಹೆಂಗಸು ತನ್ನ ಬರಹದ ಸಲುವಾಗಿ ಒಂದು ಉತ್ತರ ಕೇಳಬಾರದೆ?

ಕಾನೂನಾದರೂ ನಮ್ಮನ್ನು ಇಷ್ಟು ಕಾಯಿಸುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮಿನ ಪ್ರಕಾರ ಹಕ್ಕು ಬಿಟ್ಟುಕೊಡುವುದು ಬರಹದಲ್ಲಿ, ಸಹಿಯೊಂದಿಗೆ ಆಗಬೇಕು. ಪಡೆದವರು ಒಂದು ವರ್ಷದೊಳಗೆ ಅದನ್ನು ಬಳಸದಿದ್ದರೆ, ಬೇರೆ ಕರಾರು ಇಲ್ಲದ ಪಕ್ಷದಲ್ಲಿ, ಹಕ್ಕು ಬಿದ್ದುಹೋಗುತ್ತದೆ. ಅವಧಿ ನಮೂದಿಸದಿದ್ದರೆ ಐದೇ ವರ್ಷ. ಸಹಿ ಹಾಕಿ ಪಡೆದ ಹಕ್ಕಿಗೇ ಹೀಗೆ ಗಡುವು ಇರುವಾಗ, ಒಂದು ರೂಪಾಯಿ ಕೊಡದೆ ಓದಲು ಇಟ್ಟುಕೊಂಡವರಿಗೆ ಎರಡು ಜಾತ್ರೆಯ ಸಲಿಗೆ ಕೊಟ್ಟವರು ಯಾರು?

ಹಾಗಂತ ನಮಗೆ ರೀತಿ ನೀತಿ ಬೇಡವೆಂದಲ್ಲ. ಮೂವರಿಗೆ ತೋರಿಸುವುದಾದರೆ ಮೂವರಿಗೂ ಬಾಯಿಬಿಟ್ಟು ಹೇಳಿ, ಮುಚ್ಚಿಡುವುದರಲ್ಲೇ ಇರುವುದು ಮೋಸ. ಉತ್ತರಕ್ಕೆ ಎರಡು ತಿಂಗಳೆಂದು ಮೊದಲೇ ಗೊತ್ತು ಮಾಡಿ, ಕೊಟ್ಟ ತಾರೀಖು ವಹಿಯಲ್ಲಿ ಬರೆದಿಡಿ. ಒಬ್ಬರು ಒಪ್ಪಿದರೆ ಮುಂಗಡ ಮುಟ್ಟುವ ಮೊದಲೇ ಉಳಿದವರಿಗೆ ಫೋನು ಮಾಡಿ. ಒಪ್ಪಿಕೊಂಡ ಮೇಲೆ ಮತ್ತೊಬ್ಬರು ನೂರು ರೂಪಾಯಿ ಹೆಚ್ಚು ಕೊಡುತ್ತೇನೆಂದರೂ ಮಾತು ತಿರುಗಿಸಬೇಡಿ. ಮಾಲಕರಿಂದ ಕೇಳುವುದು ಒಂದೇ: ಬೇಡವಾದರೆ ಬೇಡವೆನ್ನಿ, ಹಸ್ತಪ್ರತಿ ಹಿಂತಿರುಗಿಸಿ.

ಪಿ.ಬಿ. ಧುತ್ತರಗಿಯವರ ‘ಸಂಪತ್ತಿಗೆ ಸವಾಲ್’ ರಂಗದಿಂದ ಹೊರಟು 1974ರಲ್ಲಿ ಸಿನಿಮಾ ಆಯಿತು. ನಾಟಕದ ಯೋಗ್ಯತೆ ತಿಳಿಯುವುದು ಜನ ನೋಡಿದ ಮೇಲೆ. ಟ್ರಂಕಿನೊಳಗೆ ಅದಕ್ಕೆ ಸಿಗುವ ಪ್ರೇಕ್ಷಕರು ಗೆದ್ದಲು ಮಾತ್ರ.

ಹೋಳಿ ಕಳೆದರೆ ಶರಣಬಸವೇಶ್ವರರ ಜಾತ್ರೆ. ಕಲಬುರಗಿಗೆ ಹೋಗುವವರಿದ್ದರೆ, ಬಳೆ ಕೊಳ್ಳುವ ಮೊದಲು ನಿಮ್ಮ ನಾಟಕದ ಮೂರು ಝೆರಾಕ್ಸ್ ತೆಗೆಸಿಕೊಳ್ಳಿ.