ಯಾವ ಕಾನ್ವೆಂಟ್ ಗಟ್ಟಿ ಅಂತ ಕೇಳುವವರಿಗೆ

ಅಡ್ಮಿಷನ್ ಕಾಲ ಬಂತು ಅಂದ್ರೆ ನಮ್ಮ ಕಡೆಯ ವಾಟ್ಸಾಪ್ ಗ್ರೂಪುಗಳಲ್ಲಿ ಒಂದೇ ಚರ್ಚೆ. "ಹ್ವಾಯ್, ಯಾವ ಕಾನ್ವೆಂಟ್ ಒಳ್ಳೇದ್?" ಕುಂದಾಪುರದ ಹೋಲಿ ರೋಜರಿಯಾ, ಸೈಂಟ್ ಮೇರಿಸಾ, ಗಂಗೊಳ್ಳಿಯ ಸ್ಟೆಲ್ಲಾ ಮಾರಿಸಾ, ತ್ರಾಸಿಯ ಡಾನ್ ಬಾಸ್ಕೊನಾ? ಬ್ರಹ್ಮಾವರದವರು ನಡುವೆ ಎಸ್‌ಎಂಎಸ್ ಹೆಸರು ತರ್ತಾರೆ, ಅದು ಸಿರಿಯನ್ ಆರ್ಥೊಡಾಕ್ಸ್ ಸಭೆಯದ್ದು, ಕಥೊಲಿಕರದ್ದಲ್ಲ ಅಂತ ಇನ್ಯಾರೋ ತಿದ್ದುತ್ತಾರೆ. ಬೈಂದೂರಿನವರದ್ದು ವ್ಯಾನ್ ಎಲ್ಲಿವರೆಗೆ ಬರುತ್ತೆ ಅನ್ನೋ ಚಿಂತೆ. ಕೊನೆಗೆ ತೀರ್ಮಾನ ಆಗೋದು ಹೀಗೆ: "ಅಲ್ಲಿ ಸ್ಟ್ರಿಕ್ಟ್ ಮಾರಾಯ್ರೆ, ಹೋಂವರ್ಕ್ ಜಾಸ್ತಿ."

ಕಳೆದ ವಾರ ನಮ್ಮ ಸಂಗಾತಿಗಳಿಬ್ಬರು ನನ್ನನ್ನೂ ಇದೇ ಕೇಳಿದರು. ಫೋನಲ್ಲಿ ಹೇಳಿ ಮುಗಿಯುವ ಉತ್ತರ ಅಲ್ಲ, ಅದಕ್ಕೇ ಇಲ್ಲಿ ಬರೀತಿದ್ದೇನೆ.

ಹೋಂವರ್ಕ್ ಜಾಸ್ತಿ ಅನ್ನೋದು ಶಾಲೆಯ ಗಟ್ಟಿತನ ಹೇಗಾಯ್ತು? ಒಂದನೇ ಕ್ಲಾಸಿನ ಮಗುವಿನ ಹೋಂವರ್ಕ್ ಮಾಡಿಸೋರು ಯಾರು? ಅಮ್ಮ, ಇಲ್ಲಾಂದ್ರೆ ಟ್ಯೂಷನ್ ಅಕ್ಕ. ನನ್ನ ತಂಗಿ ಗೇರುಬೀಜ ಫ್ಯಾಕ್ಟರಿಗೆ ಹೋಗ್ತಾಳೆ, ಅವಳ ಗಂಡ ಹಂಚಿನ ಕಾರ್ಖಾನೆಗೆ. ಕೆಲವು ವರ್ಷದ ಹಿಂದೆ ಮಗಳಿಗೆ ಸೀಟು ಕೇಳೋಕೆ ಒಂದು ಕಾನ್ವೆಂಟಿಗೆ ಹೋಗಿದ್ದರು. ಯಾವುದು ಅಂತ ಬೇಡ. ಮಗುವಿಗೆ ಎರಡು ಪ್ರಶ್ನೆ ಕೇಳಿದರಂತೆ. ಉಳಿದದ್ದೆಲ್ಲಾ ಅಪ್ಪ-ಅಮ್ಮನಿಗೆ. ಎಷ್ಟು ಓದಿದ್ದೀರಿ, ಎಲ್ಲಿ ಕೆಲಸ, ಮನೇಲಿ ಇಂಗ್ಲಿಷ್ ಯಾರು ಹೇಳ್ಕೊಡ್ತಾರೆ? ತಂಗಿ ಏನೂ ಹೇಳದೆ ಎದ್ದು ಬಂದಳು. ಮನೇಲೇ ಹೇಳ್ಕೊಡೋರು ಇದ್ದಿದ್ರೆ ಆ ಟೀಚರ್‌ಗೆ ಅಲ್ಲಿ ಎಂತ ಕೆಲಸ ಅಂತ ನನಗೆ ಹೊಳೆದದ್ದು ರಾತ್ರಿ ಮಲಗಿದ ಮೇಲೆ.

ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ಮಗುವನ್ನಾಗಲಿ ಹೆತ್ತವರನ್ನಾಗಲಿ ಹೀಗೆ ಜರಡಿ ಹಿಡಿಯುವಂತಿಲ್ಲ. 12ನೇ ಸೆಕ್ಷನ್ ಪ್ರಕಾರ ಖಾಸಗಿ ಶಾಲೆ ಒಂದನೇ ಕ್ಲಾಸಿನಲ್ಲಿ ಶೇ. 25 ಸೀಟು ನಮ್ಮಂಥವರ ಮಕ್ಕಳಿಗೆ ಕೊಡಬೇಕು. ಆದರೆ 2014ರ ಮೇ 6ರಂದು ಸುಪ್ರೀಂ ಕೋರ್ಟು ಪ್ರಮತಿ ಪ್ರಕರಣದಲ್ಲಿ, ಅನುದಾನಿತ ಇರಲಿ ಅನುದಾನರಹಿತ ಇರಲಿ, ಅಲ್ಪಸಂಖ್ಯಾತ ಶಾಲೆಗಳಿಗೆ ಈ ಕಾಯ್ದೆಯೇ ಅನ್ವಯಿಸಲ್ಲ ಅಂದಿತು. ಅದೇ ದಿನ, ಅದೇ ಐವರು ನ್ಯಾಯಮೂರ್ತಿಗಳ ಪೀಠ, ಪ್ರಾಥಮಿಕದಲ್ಲಿ ಕನ್ನಡ ಮಾಧ್ಯಮ ಕಡ್ಡಾಯ ಮಾಡುವಂತಿಲ್ಲ ಅಂತಲೂ ತೀರ್ಪು ಕೊಟ್ಟಿತು. ಇಂಗ್ಲಿಷ್ ಮಾಧ್ಯಮದ ಬಾಗಿಲು ಅಗಲವಾಗಿ ತೆರೀತು, ಆ ಬಾಗಿಲಲ್ಲಿ ನಮ್ಮ ಮಕ್ಕಳಿಗೆ ಇದ್ದ ಹಕ್ಕು ಹೋಯ್ತು. ಎರಡೂ ಒಂದೇ ದಿನ! 2025ರ ಸೆಪ್ಟೆಂಬರ್‌ನಲ್ಲಿ ಇಬ್ಬರು ನ್ಯಾಯಮೂರ್ತಿಗಳ ಪೀಠವೊಂದು ಪ್ರಮತಿ ತೀರ್ಪು ಸರಿಯೇ ಅಂತ ಸಂಶಯ ಎತ್ತಿ, ದೊಡ್ಡ ಪೀಠಕ್ಕೆ ಹೋಗಲಿ ಅಂದಿದೆ.

ಈಗ ಹೇಳಿ, ಓದಿ ಬಂದ ಮನೆಯ ಮಗುವನ್ನೇ ಆರಿಸಿ ತಗೊಂಡು ಏಳನೇ ಕ್ಲಾಸಿಗೆ ಚೆನ್ನಾಗಿ ಓದಿಸಿದೆವು ಅನ್ನೋದರಲ್ಲಿ ಶಾಲೆಯ ಪಾಲೆಷ್ಟು, ಮನೆಯ ಪಾಲೆಷ್ಟು? 2024ರಲ್ಲಿ ಶೇ. 94 ಫಲಿತಾಂಶ ಬಂದು ನಮ್ಮ ಉಡುಪಿ ಜಿಲ್ಲೆ ಎಸ್ಸೆಸ್ಸೆಲ್ಸಿಯಲ್ಲಿ ರಾಜ್ಯಕ್ಕೇ ಮೊದಲು. ಖುಷಿಯೇ. ಆದರೆ ಉಳಿದ ಆರು ಮಂದಿಯ ಮನೆ ಯಾವ ಕೇರಿಯಲ್ಲಿದೆ? ಮತ್ತೆ, ಹತ್ತನೇ ಕ್ಲಾಸಿಗೆ ಬರೋ ಮೊದಲೇ "ಇವನಿಗೆ ಇಲ್ಲಿ ಕಷ್ಟ, ಟಿಸಿ ತಗೊಂಡು ಹೋಗಿ" ಅನ್ನಿಸಿಕೊಂಡವರು ಯಾವ ಶೇಕಡಾದಲ್ಲಿ ಬರ್ತಾರೆ?

ಗಟ್ಟಿ ಶಾಲೆ ಹೇಗಿರುತ್ತೆ ಅಂತ ನನಗೆ ಗೊತ್ತು. ನಾನು ಕಲಿತದ್ದೂ ಇಗರ್ಜಿ ಕಂಪೌಂಡಿನ ಅನುದಾನಿತ ಕನ್ನಡ ಶಾಲೆಯಲ್ಲೇ. ನನ್ನ ಅವ್ವನಿಗೆ ಹೆಬ್ಬೆಟ್ಟು. ಅದು ಗೊತ್ತಿದ್ದ ಸಿಸ್ಟರ್ ಒಬ್ಬರು ನಾಲ್ಕನೇ ಕ್ಲಾಸಿನಲ್ಲಿ ನಮ್ಮ ಕೇರಿಯ ಐದು ಮಕ್ಕಳನ್ನು ಸಂಜೆ ಗಂಟೆ ಹೊಡೆದ ಮೇಲೂ ಕೂರಿಸಿ ಮಗ್ಗಿ ಹೇಳಿಸ್ತಿದ್ದರು, ಕಾಪಿ ತಿದ್ದಿ ಕೊಡ್ತಿದ್ದರು. ಹೋಂವರ್ಕ್ ಶಾಲೆಯಲ್ಲೇ ಮುಗೀತಿತ್ತು. ಬೈಗುಳವೂ ಇತ್ತು, ಬೆತ್ತವೂ ಇತ್ತು, ಅದನ್ನು ಮುಚ್ಚಿಡಲ್ಲ. ಆದರೆ ಆ ಐವರಲ್ಲಿ ಒಬ್ಬರೂ ಏಳನೆಯದನ್ನು ಅರ್ಧಕ್ಕೆ ಬಿಡಲಿಲ್ಲ. ಇಂಥ ಶಾಲೆಗಳು ಈಗ ಉಸಿರು ಹಿಡ್ಕೊಂಡಿವೆ. ನಿವೃತ್ತರಾದ ಟೀಚರ ಜಾಗ ತುಂಬಲ್ಲ, ಅದು ಸರ್ಕಾರದ ಪಾಪ. ಹಲವು ಕಡೆ ಅದೇ ಕಂಪೌಂಡಿನಲ್ಲಿ ಇಂಗ್ಲಿಷ್ ಮೀಡಿಯಂಗೆ ಹೊಸ ಕಟ್ಟಡ ಏಳುತ್ತೆ, ಕನ್ನಡ ಶಾಲೆಯ ಹಂಚು ಸೋರುತ್ತೆ. ಅದು ಆಡಳಿತ ಮಂಡಳಿಯ ಪಾಪ. ವಾಟ್ಸಾಪ್ ಹೋಲಿಕೆಯಲ್ಲಿ ಈ ಶಾಲೆಗಳ ಹೆಸರೇ ಬರಲ್ಲ.

ಇದನ್ನು ಓದಿ "ನೋಡಿ, ಕ್ರಿಶ್ಚಿಯನ್ ಶಾಲೆ ಹೀಗೆ" ಅಂತ ಶೇರ್ ಮಾಡೋಕೆ ಕಾದಿರುವ ಕೇಸರಿ ಮಿತ್ರರೇ, ಸ್ವಲ್ಪ ನಿಲ್ಲಿ. ಮಠದವರ, ಶೆಟ್ರ, ಭಟ್ರ ಶಾಲೆಗಳಿಗೂ ಇದೇ ಪ್ರಶ್ನೆ. ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ರೆ ಖಾಸಗಿಯಲ್ಲಿ ಆರ್‌ಟಿಇ ಸೀಟಿಲ್ಲ ಅಂತ 2019ರಲ್ಲಿ ಕರ್ನಾಟಕ ನಿಯಮ ಬದಲಿಸಿದಾಗ ನಿಮ್ಮ ಬಾಯಿಂದ ಒಂದು ಮಾತೂ ಬರಲಿಲ್ಲ.

ಕಥೊಲಿಕ್ ಸಭೆಯವರನ್ನು ಹೆಚ್ಚು ಕೇಳೋದು ಯಾಕಂದ್ರೆ, ಅವರೇ ಬರೆದು ಕೊಟ್ಟಿದ್ದಾರೆ. ಭಾರತದ ಬಿಷಪರ ಸಮ್ಮೇಳನ 2016ರಲ್ಲಿ ದಲಿತ ಸಬಲೀಕರಣ ನೀತಿ ಪ್ರಕಟಿಸಿತು, ಸಭೆಯೊಳಗೂ ಅಸ್ಪೃಶ್ಯತೆ ಇದೆ ಅಂತ ಒಪ್ಪಿಕೊಂಡಿತು. (ನಮ್ಮ ಕರಾವಳಿಯ ಕಥೊಲಿಕರಲ್ಲೇ ಬಾಮಣ್, ಚಾರಡಿ, ಶುದಿರ್ ಲೆಕ್ಕ ಇದೆಯಲ್ಲ.) ಹಾಗಾದ್ರೆ ಸೀಟು ಕೊಡೋಕೆ ಕೋರ್ಟಿನ ಆದೇಶ ಯಾಕೆ ಬೇಕು? ಕಾಯ್ದೆ ಅನ್ವಯಿಸಲ್ಲ ಅಂದ ಮಾತ್ರಕ್ಕೆ ಕೊರಗರ, ಮೊಗೇರರ ಮಗುವನ್ನು ಸೇರಿಸ್ಕೊಳ್ಳೋದು ನಿಷೇಧ ಆಗಿಲ್ಲ.

ನಮ್ಮವರಿಗೂ ಒಂದು ಮಾತು. ವೇದಿಕೆಯಲ್ಲಿ ಸರ್ಕಾರಿ ಶಾಲೆ ಉಳಿಸಿ ಅಂತೀರಿ, ಬೆಳಿಗ್ಗೆ ಮಗನನ್ನು ಕಾನ್ವೆಂಟ್ ವ್ಯಾನ್ ಹತ್ತಿಸ್ತೀರಿ. ಹತ್ತಿಸಿ, ತಪ್ಪಲ್ಲ. ನನ್ನ ಮಗಳೂ ಅದೇ ವ್ಯಾನಲ್ಲಿದ್ದಾಳೆ. ಆದರೆ ಒಳಗೆ ಹೋದವರು ಪೇರೆಂಟ್ಸ್ ಮೀಟಿಂಗಲ್ಲಿ ಬಾಯಿ ಬಿಡಿ.

ಪ್ರತಿ ಶಾಲೆ ತನ್ನಲ್ಲಿ ಎಷ್ಟು ಎಸ್‌ಸಿ, ಎಸ್‌ಟಿ ಮಕ್ಕಳಿದ್ದಾರೆ ಅಂತ ಕ್ಲಾಸುವಾರು ಯು-ಡೈಸ್‌ನಲ್ಲಿ ತುಂಬಿಸಬೇಕು. ಕುಂದಾಪುರ, ಬೈಂದೂರು, ಬ್ರಹ್ಮಾವರ ಮೂರೂ ವಲಯದ ಬಿಇಒ ಕಚೇರಿಗೆ ಮಾಹಿತಿ ಹಕ್ಕು ಅರ್ಜಿ ಹಾಕ್ತಿದ್ದೇವೆ. ಐದು ವರ್ಷದಲ್ಲಿ ಒಂದನೇ ಕ್ಲಾಸಿಗೆ ಸೇರಿದ ನಮ್ಮ ಮಕ್ಕಳೆಷ್ಟು, ಏಳಕ್ಕೆ ಬರುವಷ್ಟರಲ್ಲಿ ಬಿಟ್ಟವರೆಷ್ಟು, ಶಾಲೆವಾರು ಕೊಡಿ ಅಂತ. ಅರ್ಜಿ 150 ಪದ ಮೀರಬಾರದು, ವಿಷಯ ಒಂದೇ ಇರಬೇಕು, ಹತ್ತು ರೂಪಾಯಿ ಪೋಸ್ಟಲ್ ಆರ್ಡರ್. ಕರಡು ಕಮೆಂಟಿನಲ್ಲಿ ಹಾಕಿದ್ದೇನೆ. ಬೈಂದೂರಿಗೆ ಇನ್ನೂ ಯಾರೂ ಹೆಸರು ಕೊಟ್ಟಿಲ್ಲ. ಆ ಕಡೆಯವರು ಯಾರಾದರೂ ಮೆಸೇಜ್ ಮಾಡಿ.

ಜೈ ಭೀಮ್.